ಪ್ರೊಫೈಲ್ ಹಾಕಿದರೂ ಮನೆ ಸಿಗುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ದಿಕ್ಕಿಲ್ಲದ ಪ್ರಾಣಿಗಳಿಗೆ ಆಸರೆ ಕೊಡುವ ಶೆಲ್ಟರಿನ ನಾಯಿ ಬೆಕ್ಕುಗಳ ಪ್ರೊಫೈಲ್ ಆನ್‌ಲೈನಿಗೆ ಹಾಕಿ ವಾರಗಳಾದರೂ ಯಾರೂ ಸಾಕಲು ಒಯ್ಯಲಿಲ್ಲವೆಂದರೆ ಸ್ವಯಂಸೇವಕರು ಸಾಮಾನ್ಯವಾಗಿ ಎರಡೇ ಕೆಲಸ ಮಾಡುತ್ತಾರೆ. ಫೋಟೊ ಬದಲಿಸುತ್ತಾರೆ, ಇಲ್ಲವೇ ಬರಹಕ್ಕೆ ಇನ್ನೊಂದಿಷ್ಟು ಕಣ್ಣೀರು ಸೇರಿಸುತ್ತಾರೆ. ಫೋಟೊ ಚಲೋ ಇದ್ದು ವಾಟ್ಸ್ಯಾಪ್ ಲಿಂಕ್ ಕೆಟ್ಟಿದ್ದರೆ ಎಷ್ಟು ಫೋಟೊ ಬದಲಿಸಿದರೂ ಅಷ್ಟೇ. ಬೈಕ್ ಕೆಟ್ಟಾಗ ಮೆಕ್ಯಾನಿಕ್ ಮೊದಲು ಪೆಟ್ರೋಲ್ ಐತೇನ್ರಿ ಎಂದು ಕೇಳುತ್ತಾನೆ, ಆಮೇಲೆ ಪ್ಲಗ್ ಬಿಚ್ಚುತ್ತಾನೆ. ಇಲ್ಲಿಯೂ ಕ್ರಮ ಅದೇ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಣ್ಣ ಶೆಲ್ಟರುಗಳು, ಮನೆಯಲ್ಲೇ ತಾತ್ಕಾಲಿಕವಾಗಿ ಸಾಕುವವರು ಮತ್ತು ಅವರ ಪೇಜ್ ನೋಡಿಕೊಳ್ಳುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಕೈಯಲ್ಲಿ ಒಂದು ಸಾಧಾರಣ ಸ್ಮಾರ್ಟ್‌ಫೋನ್ ಇದ್ದರೆ ಸಾಕು.

ಮೊದಲು ಎಣಿಸಿ

ಪ್ರತಿ ಪ್ರಾಣಿಗೆ ಒಂದು ನಂಬರ್ ಕೊಡಿ. ನಾಯಿಗೆ ‘ನಾ-14’, ಬೆಕ್ಕಿಗೆ ‘ಬೆ-06’ ಎಂಬಂತೆ. ಕರಿಯ, ರಾಜಾ, ಟೈಗರ್ ಎಂಬ ಹೆಸರುಗಳು ಒಂದೇ ಶೆಲ್ಟರಿನಲ್ಲಿ ಮೂರು ಮೂರು ಇರುವುದರಿಂದ ಹೆಸರು ನಂಬಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಆರು ಕಾಲಂ ಹಾಕಿ: ಎಷ್ಟು ಜನ ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಮೆಸೇಜ್ ಅಥವಾ ಫೋನ್ ಮಾಡಿದರು, ಎಷ್ಟು ಜನ ಬಂದು ನೋಡಿದರು, ಒಯ್ದರೇ, ವಾಪಸ್ ತಂದರೇ. ಒಂದು ವಾರದ ಲೆಕ್ಕ ಸಾಕು. ಯಾವ ಕಾಲಮಿನಿಂದ ಯಾವ ಕಾಲಮಿಗೆ ಹೋಗುವಾಗ ಅಂಕಿ ಧಪ್ಪನೆ ಬೀಳುತ್ತದೋ ದೋಷ ಅಲ್ಲಿದೆ.

ನೋಡಿದವರೇ ಕಡಿಮೆಯಿದ್ದರೆ ಪೋಸ್ಟ್ ಜನರಿಗೆ ತಲುಪುತ್ತಿಲ್ಲ. ನೋಡಿದವರು ಬಹಳ, ಲೈಕ್ ಕಡಿಮೆ ಎಂದರೆ ಫೋಟೊ ಅಥವಾ ಮೊದಲ ಎರಡು ಸಾಲು ಸರಿಯಿಲ್ಲ. ಲೈಕ್ ಬಹಳ, ಮೆಸೇಜ್ ಸೊನ್ನೆ ಎಂದರೆ ಸಂಪರ್ಕದ ದಾರಿ ಮುಚ್ಚಿದೆ, ಅಥವಾ ಬರಹದಲ್ಲಿ ಮರುಕವಿದೆ, ಮಾಹಿತಿಯಿಲ್ಲ. ಫೋನ್ ಮೇಲೆ ಫೋನ್ ಬಂದು ಒಬ್ಬರೂ ಸರಿಯಾದವರಿಲ್ಲ ಎಂದರೆ ಪ್ರೊಫೈಲಿನಲ್ಲಿ ಯಾವುದೋ ಒಂದು ಪದ ತಪ್ಪು ಜನರನ್ನು ಕರೆಯುತ್ತಿದೆ. ಒಯ್ದವರು ವಾಪಸ್ ತರುತ್ತಿದ್ದರೆ ಪ್ರೊಫೈಲ್ ಏನನ್ನೋ ಮುಚ್ಚಿಟ್ಟಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ವಾರ ಕಾಯಿರಿ. ಫೋಟೊ, ಬರಹ, ನಂಬರ್ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ನಾಯಿಗೆ ಮತ್ತೆ ಮೊದಲಿನಿಂದ ಶುರು.

ಪೋಸ್ಟ್ ಯಾರಿಗೂ ಕಾಣುತ್ತಿಲ್ಲ

ನಮ್ಮ ಭಾಗದಲ್ಲಿ ಇದಕ್ಕೆ ಮೊದಲ ಕಾರಣ ಊರಿನ ಹೆಸರು. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಆಯಿತು, ಬಿಜಾಪುರ ಹೋಗಿ ವಿಜಯಪುರ ಆಯಿತು. ಆದರೆ ಮೊಬೈಲಿನಲ್ಲಿ ಹುಡುಕುವವರ ಬೆರಳಿಗೆ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗೇ ರೂಢಿ. ಪೋಸ್ಟಿನಲ್ಲಿ ಮತ್ತು ಹ್ಯಾಶ್‌ಟ್ಯಾಗಿನಲ್ಲಿ ಹಳೆಯದು ಹೊಸದು ಎರಡನ್ನೂ ಹಾಕಿ. ಬಾಗಲಕೋಟೆಯ ಇಂಗ್ಲಿಷ್ ಸ್ಪೆಲ್ಲಿಂಗನ್ನು ಕೊನೆಯ ‘ಇ’ ಇದ್ದೂ ಬರೆಯುತ್ತಾರೆ, ಇಲ್ಲದೆಯೂ ಬರೆಯುತ್ತಾರೆ. ಎರಡೂ ಬೇಕು.

ವಿಜಯಪುರದವರಿಗೆ ಇನ್ನೊಂದು ತೊಡಕಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಪಟ್ಟಣ ಇದೆ. ಲೊಕೇಶನ್ ಆರಿಸುವಾಗ ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಒತ್ತಿಬಿಟ್ಟರೆ ನಿಮ್ಮ ನಾಯಿ ಬೆಂಗಳೂರಿನವರಿಗೆ ಕಾಣುತ್ತದೆ, ನಿಮ್ಮೂರಿನ ಜಲನಗರದವರಿಗೆ ಕಾಣುವುದಿಲ್ಲ. ಬೆಂಗಳೂರಿನಿಂದಲೇ ಫೋನ್ ಬರುತ್ತಿದ್ದರೆ ಮೊದಲು ಲೊಕೇಶನ್ ಟ್ಯಾಗ್ ನೋಡಿ. ಬರಹದಲ್ಲಿ ಪಿನ್‌ಕೋಡ್ ಹಾಕಿಬಿಟ್ಟರೆ ಅನುಮಾನವೇ ಉಳಿಯುವುದಿಲ್ಲ: ವಿಜಯಪುರ 586101, ಬಾಗಲಕೋಟೆ 587101, ಬೆಳಗಾವಿ 590001.

ಎರಡನೆಯ ಕಾರಣ ಅಕ್ಷರ. ಶೆಲ್ಟರಿನ ಪತ್ರವ್ಯವಹಾರ ನೋಡುವವರು ಕಂಪ್ಯೂಟರಿನಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಾಪಿ ಮಾಡಿ ಪೇಜಿಗೆ ಅಂಟಿಸಿದರೆ, ಅವರ ಪರದೆಯಲ್ಲಿ ಕನ್ನಡ, ಓದುವವರ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡ್, ಅಂದರೆ ಎಲ್ಲ ಫೋನುಗಳೂ ಓದಬಲ್ಲ ಅಕ್ಷರ ಸಂಕೇತ, ಆಗದ ಕನ್ನಡ ಫೋನಿಗೂ ಗೊತ್ತಾಗುವುದಿಲ್ಲ, ಹುಡುಕಾಟಕ್ಕೂ ಸಿಗುವುದಿಲ್ಲ. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ನಂತರ ಹಾಕಿ. ಅಷ್ಟೆಲ್ಲ ಯಾಕೆ ಎನಿಸಿದರೆ ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿ. ಮುಕ್ಕಾಲು ಪಾಲು ಅದೇ ಬರೆದುಕೊಡುತ್ತದೆ, ಉಳಿದದ್ದನ್ನು ತಿದ್ದಿದರಾಯಿತು.

ಎಲ್ಲ ಮಾಹಿತಿಯನ್ನೂ ಪೋಸ್ಟರಿನ ಮೇಲೆ ಬಣ್ಣಬಣ್ಣದ ಅಕ್ಷರದಲ್ಲಿ ಬರೆದು ಚಿತ್ರವಾಗಿ ಮಾತ್ರ ಹಾಕುವುದೂ ಇದೇ ಜಾತಿಯ ತಪ್ಪು. ಚಿತ್ರದೊಳಗಿನ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಪೋಸ್ಟರ್ ಇರಲಿ, ಆದರೆ ಅದೇ ಮಾಹಿತಿ ಕೆಳಗೆ ಅಕ್ಷರದಲ್ಲೂ ಇರಲಿ.

ವಾಟ್ಸ್ಯಾಪ್ ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ. ಅದನ್ನೇ ಪ್ರೊಫೈಲ್ ಎಂದುಕೊಂಡವರು ದಿನಾ ಹೊಸದಾಗಿ ಹಾಕುತ್ತಾ ಸುಸ್ತಾಗುತ್ತಾರೆ. ಖಾಯಂ ಜಾಗ ಒಂದಿರಲಿ, ಸ್ಟೇಟಸ್ ಅಲ್ಲಿಗೆ ದಾರಿ ತೋರಿಸಲಿ.

ಪೋಸ್ಟೇ ತೆಗೆದುಹಾಕಲ್ಪಟ್ಟಿದ್ದರೆ ಕಾರಣ ಬಹುಮಟ್ಟಿಗೆ ದುಡ್ಡಿನ ಅಂಕಿ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲೂ ವಾಟ್ಸ್ಯಾಪ್ ಬಿಸಿನೆಸ್ಸಿನ ಕ್ಯಾಟಲಾಗಿನಲ್ಲೂ ಜೀವಂತ ಪ್ರಾಣಿಗಳ ಮಾರಾಟಕ್ಕೆ ಅವಕಾಶ ಇಲ್ಲ. ಲಸಿಕೆ ಖರ್ಚಿಗೆಂದು ನೀವು ಬರೆದ ರೂಪಾಯಿ ಚಿಹ್ನೆಯನ್ನು ಯಂತ್ರ ಬೆಲೆ ಎಂದೇ ಓದುತ್ತದೆ. ನಾಯಿಯನ್ನು ಕ್ಯಾಟಲಾಗಿಗೆ ಹಾಕಬೇಡಿ, ಸಾಮಾನ್ಯ ಪೋಸ್ಟ್ ಹಾಕಿ. ಖರ್ಚಿನ ಮಾತು ಫೋನಿನಲ್ಲಿ ಆಡಿ.

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಕನ್ನಡದ ಕೆಳಗೆ ಮರಾಠಿಯಲ್ಲಿ ನಾಲ್ಕು ಸಾಲು ಇಲ್ಲದಿದ್ದರೆ ನೋಡಬೇಕಾದವರಲ್ಲಿ ಎಷ್ಟೋ ಜನ ಓದದೆ ಮುಂದೆ ಹೋಗುತ್ತಾರೆ. ವಿಜಯಪುರದಲ್ಲಿ ಹಿಂದಿಯ ಎರಡು ಸಾಲು ಅದೇ ಕೆಲಸ ಮಾಡುತ್ತದೆ. ಯಂತ್ರದ ಅನುವಾದ ಬೇಡ. ಆ ಭಾಷೆ ಬಲ್ಲ ಪಕ್ಕದ ಮನೆಯ ವೈನಿಗೆ (ಅತ್ತಿಗೆಗೆ) ಫೋನ್ ಕೊಟ್ಟು ಬರೆಸಿಕೊಳ್ಳಿ.

ನೋಡುತ್ತಾರೆ, ಸರಿಸಿ ಮುಂದೆ ಹೋಗುತ್ತಾರೆ

ಇಲ್ಲಿ ದೋಷ ಫೋಟೊದ್ದು. ಆದರೆ ‘ಫೋಟೊ ಚೆನ್ನಾಗಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ರೀತಿ ಕೆಟ್ಟಿದೆ ಎಂದು ನೋಡಬೇಕು.

ಕರಿ ನಾಯಿ ಮಸಿಯ ಮುದ್ದೆಯಂತೆ ಕಾಣುತ್ತಿದೆ. ಫೋನಿನ ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಮಧ್ಯಮಕ್ಕೆ ತರಲು ನೋಡುತ್ತದೆ. ಸುಣ್ಣ ಬಳಿದ ಬಿಳಿ ಗೋಡೆಯ ಮುಂದೆ ಕರಿ ನಾಯಿ ನಿಲ್ಲಿಸಿದರೆ ಗೋಡೆಯ ಬೆಳಕಿಗೆ ಹೆದರಿ ಕ್ಯಾಮೆರಾ ಎಲ್ಲವನ್ನೂ ಕಡಿಮೆ ಮಾಡುತ್ತದೆ, ನಾಯಿಯ ಕಣ್ಣು ಮೂಗು ಕತ್ತಲಲ್ಲಿ ಮುಳುಗುತ್ತವೆ. ಗೋಡೆ ಬಿಡಿ. ಕೆಂಪು ಮಣ್ಣು, ಹಸಿರು ಗಿಡ, ಶಹಾಬಾದ್ ಫರಸಿಯ ನೆಲ ಇಂಥ ನಡುಬಣ್ಣದ ಹಿನ್ನೆಲೆ ಹಿಡಿಯಿರಿ. ನಾಯಿಯನ್ನು ಬೇವಿನ ಮರದ ನೆರಳಿನಲ್ಲಿ, ಮುಖ ಬಯಲಿನ ಕಡೆ ಇರುವಂತೆ ಕೂರಿಸಿ. ಪರದೆಯ ಮೇಲೆ ಅದರ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ. ಅಂಕಿ ತೋರಿಸುವ ಫೋನಾದರೆ +0.7ರಿಂದ +1ರವರೆಗೆ ಸಾಕು. ಎರಡೂ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕಂಡರೆ ಫೋಟೊ ಗೆದ್ದಂತೆ. ಕಪ್ಪು ಮೈಗೆ ಕೆಂಪು ಅಥವಾ ಹಳದಿ ಪಟ್ಟಿ ಕಟ್ಟಿದರೆ ಕತ್ತು ಎಲ್ಲಿ ಮುಗಿದು ಎದೆ ಎಲ್ಲಿ ಶುರುವಾಗುತ್ತದೆ ಎಂದಾದರೂ ತಿಳಿಯುತ್ತದೆ.

ಬಿಳಿ ನಾಯಿಯ ಮೈ ಉರಿಯುವ ಬಲ್ಬಿನಂತೆ ಹೊಳೆಯುತ್ತಿದ್ದರೆ ಉಲ್ಟಾ ಮಾಡಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ.

ಎಲ್ಲ ನಾಯಿಗಳೂ ನೀಲಿಯಾಗಿ, ರೋಗ ಬಂದಂತೆ ಕಾಣುತ್ತಿವೆ. ಬೆಳಗಾವಿಯ ಮಳೆಗಾಲದ ದೋಷ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿಗೆ ಕಟ್ಟಿದ ನೀಲಿ ತಾಡಪತ್ರಿಯ ಮೂಲಕ ಬಂದ ಬೆಳಕು ಮೈಮೇಲೆಲ್ಲ ನೀಲಿ ಬಳಿಯುತ್ತದೆ. ಎಡಿಟ್ ಮಾಡಿ ತೆಗೆಯಲು ಹೋದರೆ ನಾಲಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮಳೆ ನಿಂತ ಹತ್ತು ನಿಮಿಷ ಹೊರಗೆ ತನ್ನಿ, ಮೋಡದ ಬೆಳಕು ಫೋಟೊಗೆ ಬಲು ಒಳ್ಳೆಯದು. ಹೊರಗೆ ಆಗದಿದ್ದರೆ ತಗಡಿನ ಶೆಡ್ಡಿನ ಬಾಗಿಲಿನಿಂದ ಒಂದು ಮಾರು ಒಳಗೆ ನಾಯಿಯನ್ನು ಕೂರಿಸಿ, ನೀವು ಬಾಗಿಲಿನಲ್ಲಿ ಕೂತು ತೆಗೆಯಿರಿ. ಬೆಳಕಿಗೆ ಅಡ್ಡ ಆಗದಂತೆ ಒಂದು ಪಕ್ಕಕ್ಕೆ ಸರಿದಿರಿ.

ನಾಯಿ ಕಣ್ಣು ಕಿರಿದು ಮಾಡಿ, ನಾಲಿಗೆ ಉದ್ದಕ್ಕೆ ಇಳಿಬಿಟ್ಟು ನಿಂತಿದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮೇ ಬಿಸಿಲಿನಲ್ಲಿ ಹತ್ತು ಗಂಟೆ ನಂತರ ತೆಗೆದ ಫೋಟೊಗಳ ಕಥೆ ಇಷ್ಟೇ. ನಾಲಿಗೆ ಹೊರಗಿದ್ದ ಮಾತ್ರಕ್ಕೆ ನಾಯಿ ನಗುತ್ತಿದೆ ಎಂದಲ್ಲ. ನಾಲಿಗೆಯ ತುದಿ ಅಗಲವಾಗಿ ಚಮಚದಂತೆ ಮಡಚಿ, ಬಾಯಿಯ ಮೂಲೆ ಹಿಂದಕ್ಕೆ ಎಳೆದಿದ್ದರೆ ಅದಕ್ಕೆ ಸೆಕೆ ತಡೆಯುತ್ತಿಲ್ಲ ಎಂದರ್ಥ. ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸಿ, ಇಲ್ಲವೇ ಸಂಜೆ ನೆಲ ಆರಿದ ಮೇಲೆ ಮಾಡಿ. ಅಂಗೈಯ ಹಿಂಭಾಗವನ್ನು ನೆಲದ ಮೇಲೆ ಐದು ಸೆಕೆಂಡ್ ಇಡಲಾಗದಿದ್ದರೆ ಆ ನೆಲದ ಮೇಲೆ ನಾಯಿಯನ್ನೂ ನಿಲ್ಲಿಸಬಾರದು.

ಕಣ್ಣು ಹಸಿರು ಹಳದಿ ದೀಪದಂತೆ ಉರಿಯುತ್ತಿವೆ. ಫ್ಲ್ಯಾಶ್ ತಪ್ಪು. ನಾಯಿ ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಪದರ ಇದೆ. ಫ್ಲ್ಯಾಶ್ ಬಂದ್ ಮಾಡಿ, ವಿಷಯ ಮುಗಿಯಿತು.

ಪಂಜರದ ಸರಳು ಮುಖದ ಮೇಲೆ ಬಿದ್ದಿದೆ. ಸಾಧ್ಯವಾದರೆ ಹೊರಗೆ ತನ್ನಿ. ಬೊಗಳಿ ಮೈಮೇಲೆ ಬರುವ ನಾಯಿಯಾದರೆ ಫೋನಿನ ಲೆನ್ಸನ್ನು ಎರಡು ಸರಳಿನ ನಡುವೆ ಒತ್ತಿ ಹಿಡಿಯಿರಿ, ಸರಳು ಚಿತ್ರದಿಂದಲೇ ಹೊರಗುಳಿಯುತ್ತದೆ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಅದು ಕಿವಿಯ ತುದಿಯನ್ನೂ ಮೀಸೆಯನ್ನೂ ಹಿನ್ನೆಲೆ ಎಂದುಕೊಂಡು ಅಳಿಸಿಬಿಡುತ್ತದೆ.

ಎದ್ದು ನಿಂತು ಮೇಲಿನಿಂದ ತೆಗೆದ ಫೋಟೊದಲ್ಲಿ ತಲೆ ದೊಡ್ಡದು, ಕಾಲು ಗಿಡ್ಡ, ನೋಟ ದೀನ. ನೆಲಕ್ಕೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಫೋನ್ ಇಳಿಸಿ. ಮೊದಲು ಇಪ್ಪತ್ತು ನಿಮಿಷ ಅಡ್ಡಾಡಿಸಿ ಬಂದರೆ ಅರ್ಧ ಗದ್ದಲ ಕಡಿಮೆ. ಒಬ್ಬರು ಹಗ್ಗ ಹಿಡಿಯಲಿ, ಒಬ್ಬರು ನಿಮ್ಮ ಹೆಗಲ ಹಿಂದೆ ಬೇಯಿಸಿದ ಕೋಳಿಯ ತುಣುಕು ಹಿಡಿದು ನಿಲ್ಲಲಿ. ವಿಚಿತ್ರ ಸಪ್ಪಳ ಒಂದೇ ಸಲ ಮಾಡಬೇಕು, ಎರಡನೇ ಸಲಕ್ಕೆ ನಾಯಿ ಕ್ಯಾರೇ ಅನ್ನುವುದಿಲ್ಲ.

ಬೇಕಾಗುವುದು ನಾಲ್ಕು ಫೋಟೊ: ಮುಖ, ಪಕ್ಕದಿಂದ ನಿಂತ ಇಡೀ ಮೈ, ಎತ್ತರ ತಿಳಿಯಲು ಒಬ್ಬ ಮನುಷ್ಯನ ಮೊಣಕಾಲಿನ ಪಕ್ಕ ನಿಂತದ್ದು, ಮತ್ತು ದೋಷವಿದ್ದರೆ ಅದರದ್ದು. ಕುಂಟು ಕಾಲು, ಹೋದ ಕಣ್ಣು, ಹಳೆಯ ಹುಣ್ಣಿನ ಕಲೆ ಎಲ್ಲವನ್ನೂ ಮೊದಲೇ ತೋರಿಸಿ. ಬಂದ ಮೇಲೆ ಕಂಡರೆ ಮೋಸ ಎನಿಸುತ್ತದೆ, ಮೊದಲೇ ಕಂಡರೆ ಅದಕ್ಕೆ ಒಪ್ಪಿದವರೇ ಬರುತ್ತಾರೆ. ಜೊತೆಗೆ ಹಗ್ಗದಲ್ಲಿ ನಡೆಯುವ 20–30 ಸೆಕೆಂಡಿನ ವಿಡಿಯೊ, ಹಾಡು ಹಾಕದೆ. ಬೊಗಳುವ ದನಿ ಕೇಳಬೇಕು.

ಫೋಟೊ ತೆಗೆದಾಗ ಚೆನ್ನಾಗಿತ್ತು, ಪೇಜಿನಲ್ಲಿ ಮಸುಕಾಯಿತು ಎಂದರೆ ದಾರಿಯಲ್ಲಿ ವಾಟ್ಸ್ಯಾಪ್ ಅದನ್ನು ಹಿಂಡಿದೆ. ಎಚ್‌ಡಿ ಗುರುತು ಒತ್ತಿ ಕಳಿಸಿ, ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೊದ ಒಳಗೆ ತೆಗೆದ ಜಾಗದ ಗುರುತು ಹಾಗೇ ಉಳಿಯುತ್ತದೆ. ತಾತ್ಕಾಲಿಕವಾಗಿ ಸಾಕುವವರ ಮನೆಯಲ್ಲಿ ತೆಗೆದದ್ದಾದರೆ ಕ್ಯಾಮೆರಾದ ಲೊಕೇಶನ್ ಬಂದ್ ಮಾಡಿಸಿ. ವಿಳಾಸ ಹೊರಬಿದ್ದ ಮನೆಯ ಗೇಟಿನ ಮುಂದೆ ರಾತ್ರೋರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಕುನ್ನಿಗಳು ಬಂದು ಬೀಳುತ್ತವೆ. ಐಫೋನಿನಿಂದ ಬಂದ ಫೋಟೊ ಹಳೆಯ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಅದು ಹೈಕ್ (HEIC) ಮಾದರಿಯದು, ಜೆಪೆಗ್ (JPEG) ಮಾಡಿ ಕಳಿಸಲು ಹೇಳಿ. ಇನ್‌ಸ್ಟಾಗ್ರಾಂಗೆ 1080×1350 ಪಿಕ್ಸೆಲ್‌ನ ಉದ್ದ ಫೋಟೊ, ಮುಖ ನಡುವೆ ಇರಲಿ. ಅಂಚಿಗಿದ್ದರೆ ಕಿವಿ ಕತ್ತರಿಸಿ ಹೋಗುತ್ತದೆ.

ಲೈಕ್ ಸಾವಿರ, ಮೆಸೇಜ್ ಇಲ್ಲ

ಮೊದಲು ಯಂತ್ರದ ಕಡೆಯ ಕಾರಣ ನೋಡಿ, ಆಮೇಲೆ ಬರಹ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ಅಪರಿಚಿತರ ಮೆಸೇಜ್ ನೇರ ಒಳಗೆ ಬರುವುದಿಲ್ಲ, ರಿಕ್ವೆಸ್ಟ್ ಎಂಬ ಬೇರೆ ಖಾನೆಗೆ ಹೋಗಿ ಸುಮ್ಮನೆ ಕೂರುತ್ತದೆ. ‘ನಾಯಿ ಇನ್ನ ಐತೇನ್ರಿ?’ ಎಂದು ಕೇಳಿದವರು ಎರಡು ದಿನ ಕಾದು ಪೇಟೆಯಲ್ಲಿ ಮರಿ ಕೊಂಡುಬಿಡುತ್ತಾರೆ. ದಿನಕ್ಕೆರಡು ಸಲ ಆ ಖಾನೆ ತೆರೆಯುವ ಕೆಲಸ ಒಬ್ಬರ ಹೆಸರಿಗೆ ಇರಲಿ. ‘ಎಲ್ಲರೂ ನೋಡೋಣ’ ಎಂದರೆ ಯಾರೂ ನೋಡುವುದಿಲ್ಲ.

ವಾಟ್ಸ್ಯಾಪ್ ನೇರ ಚಾಟಿನ ಲಿಂಕಿನಲ್ಲಿ ನಂಬರಿನ ಮುಂಚೆ 91 ಇರಬೇಕು. ಪ್ಲಸ್ ಚಿಹ್ನೆ, ಶುರುವಿನ ಸೊನ್ನೆ, ನಡುವೆ ಖಾಲಿ ಜಾಗ ಇರಬಾರದು. ಸೊನ್ನೆ ಸೇರಿಸಿದರೆ ‘ಈ ನಂಬರ್ ವಾಟ್ಸ್ಯಾಪಿನಲ್ಲಿ ಇಲ್ಲ’ ಎಂದು ಬರುತ್ತದೆ. ನಿಮ್ಮ ನಂಬರ್ ಸೇವ್ ಆಗಿರದ ಬೇರೆಯವರ ಫೋನಿನಿಂದ ಒತ್ತಿ ಪರೀಕ್ಷಿಸಿ. ಇನ್‌ಸ್ಟಾಗ್ರಾಂ ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಬಯೋದಲ್ಲಿ ಹಾಕಿ.

ಗೂಗಲ್ ಫಾರ್ಮ್ ಬಳಸುವವರು ಒಂದು ವಿಷಯ ಗಮನಿಸಿ. ಮನೆಯ ಫೋಟೊ, ಕರೆಂಟ್ ಬಿಲ್ ಇತ್ಯಾದಿ ಅಪ್‌ಲೋಡ್ ಮಾಡುವ ಒಂದೇ ಒಂದು ಪ್ರಶ್ನೆ ಇದ್ದರೂ, ತುಂಬುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಪಾಸ್‌ವರ್ಡ್ ನೆನಪಿಲ್ಲದವರು ಅಲ್ಲೇ ಬಿಟ್ಟುಬಿಡುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ಅಪ್‌ಲೋಡ್ ಪ್ರಶ್ನೆ ತೆಗೆಯಿರಿ, ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಸೆಟ್ಟಿಂಗೂ ಲಾಗಿನ್ ಕೇಳುತ್ತದೆ, ಅದನ್ನೂ ತೆಗೆಯಿರಿ. ಮನೆಯ ಫೋಟೊ ಆಮೇಲೆ ವಾಟ್ಸ್ಯಾಪಿನಲ್ಲಿ ತರಿಸಿಕೊಳ್ಳಬಹುದು. ಮೊದಲ ಫಾರ್ಮಿಗೆ ಎಂಟು ಪ್ರಶ್ನೆ ಮೇಲಾಯಿತು. ಡ್ರೈವಿನಲ್ಲಿಟ್ಟ ಫೋಟೊ ಆಲ್ಬಂ ‘ಅನುಮತಿ ಕೇಳಿ’ ಎನ್ನುತ್ತಿದ್ದರೆ ಶೇರಿಂಗನ್ನು ಲಿಂಕ್ ಇರುವ ಎಲ್ಲರಿಗೂ ಎಂದು ಬದಲಿಸಿ.

ಇಷ್ಟೂ ಸರಿಯಿದ್ದರೆ ದೋಷ ಬರಹದಲ್ಲಿದೆ. ಇಂಥದ್ದನ್ನು ನೀವು ನೋಡಿಯೇ ಇರುತ್ತೀರಿ:

“ನನ್ನ ಹೆಸರು ಕೆಂಚ. ನನಗೆ ಯಾರೂ ಇಲ್ಲ. ನನ್ನನ್ನು ರಸ್ತೆಯಲ್ಲಿ ಬಿಟ್ಟು ಹೋದರು. ನಾನು ತುಂಬಾ ಪ್ರೀತಿಯ ನಾಯಿ. ದಯವಿಟ್ಟು ನನಗೊಂದು ಮನೆ ಕೊಡಿ.”

ಇದಕ್ಕೆ ಅಳುವ ಮುಖದ ಇಮೋಜಿ ಬರುತ್ತವೆ, ಚಿಕಿತ್ಸೆಗೆ ದುಡ್ಡೂ ಬರಬಹುದು. ಆದರೆ ಒಯ್ಯಬೇಕೆಂದವರ ತಲೆಯಲ್ಲಿ ಇರುವ ಪ್ರಶ್ನೆಗಳು ಬೇರೆ. ಎಷ್ಟು ಎತ್ತರ ಬೆಳೆಯುತ್ತದೆ, ಕಚ್ಚುತ್ತದೆಯೇ, ಮನೆಯಲ್ಲಿ ಮುದುಕರಿದ್ದಾರೆ ನಡೆಯುತ್ತದೆಯೇ, ಏನು ತಿನ್ನುತ್ತದೆ. ಉತ್ತರ ಸಿಗದವರು ಲೈಕ್ ಒತ್ತಿ ಹೋಗುತ್ತಾರೆ. ಅದೇ ನಾಯಿಯನ್ನು ಹೀಗೆ ಬರೆದು ನೋಡಿ:

“ನಾ-14. ಕೆಂಚ. ಬಾಗಲಕೋಟೆ ನವನಗರ. ಗಂಡು, ಸುಮಾರು 2 ವರ್ಷ, 17 ಕೆಜಿ, ಇನ್ನು ಬೆಳೆಯುವುದಿಲ್ಲ. ಸಂತಾನಹರಣ ಆಪರೇಷನ್ ಆಗಿದೆ, ಕಿವಿಯಲ್ಲಿ ಕಾಣುವ ಕಚ್ಚು ಅದರ ಗುರುತು, ಗಾಯವಲ್ಲ. ರೇಬಿಸ್ ಲಸಿಕೆ ಜೂನ್‌ನಲ್ಲಿ ಆಗಿದೆ, ಮುಂದಿನದು ಬರುವ ಜೂನ್. ಎರಡು ಹೊತ್ತು ಊಟ: ಅನ್ನ ಕೋಳಿ, ಇಲ್ಲವೇ ರೊಟ್ಟಿ ಮೊಸರು ಮೊಟ್ಟೆ. ಗೇಟಿನ ಸಪ್ಪಳಕ್ಕೆ ಎರಡು ಸಲ ಬೊಗಳಿ ಸುಮ್ಮನಾಗುತ್ತಾನೆ. ಹಗ್ಗ ಹಾಕಿದರೆ ಮೊದಲ ಐದು ನಿಮಿಷ ಎಳೆಯುತ್ತಾನೆ. ಎಂಟು ವರ್ಷ ಮೇಲಿನ ಮಕ್ಕಳ ಜೊತೆ ಇದ್ದಾನೆ, ಸಣ್ಣ ಮಕ್ಕಳ ಜೊತೆ ಇನ್ನೂ ನೋಡಿಲ್ಲ. ಬೆಕ್ಕು ಕಂಡರೆ ಬೆನ್ನು ಹತ್ತುತ್ತಾನೆ. ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರುತ್ತಾನೆ. ತಟ್ಟೆಗೆ ಕೈ ಹಾಕಿದರೆ ಗುರ್ ಎನ್ನುತ್ತಾನೆ. ಮಾಳಿಗೆ ಮೇಲೆ ಬಿಡುವವರಾದರೆ ಪ್ಯಾರಾಪೆಟ್ ಸೊಂಟದೆತ್ತರ ಇರಬೇಕು.”

ಇದರಲ್ಲಿ ನಾಯಿಯನ್ನು ಹೊಗಳುವ ಗುಣವಾಚಕ ಒಂದೂ ಇಲ್ಲ, ನಾಯಿ ಏನು ಮಾಡುತ್ತದೆ ಎಂಬುದಷ್ಟೇ ಇದೆ. ‘ಇನ್ನೂ ನೋಡಿಲ್ಲ’ ಎಂಬ ಮಾತನ್ನು ತೆಗೆಯಬೇಡಿ. ಓದುವವರಿಗೆ ಉಳಿದ ಸಾಲುಗಳ ಮೇಲೆ ನಂಬಿಕೆ ಬರುವುದು ಅದರಿಂದಲೇ. ಫೇಸ್‌ಬುಕ್ಕಾಗಲಿ ಇನ್‌ಸ್ಟಾಗ್ರಾಂ ಆಗಲಿ ಮೊದಲ ಒಂದೆರಡು ಸಾಲು ಮಾತ್ರ ತೋರಿಸಿ ಉಳಿದದ್ದನ್ನು ಮಡಚಿಡುವುದರಿಂದ ಊರು, ಗಂಡೋ ಹೆಣ್ಣೋ, ವಯಸ್ಸು ಮೇಲೆ ಇರಲಿ.

ಕಿವಿಯ ಕಚ್ಚಿನ ಬಗ್ಗೆ ಪ್ರತಿ ಪ್ರೊಫೈಲಿನಲ್ಲೂ ಬರೆಯಿರಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ಆಪರೇಷನ್ ಆದ ಬೀದಿನಾಯಿಗಳಿಗೆ ಈ ಗುರುತು ಮಾಡುತ್ತಾರೆ. ಗೊತ್ತಿಲ್ಲದವರು ‘ಕಿವಿ ಹರದೈತಿ, ಜಗಳಗಂಟ ನಾಯಿ ಇರಬೇಕು’ ಎಂದು ತೀರ್ಮಾನಿಸಿಬಿಡುತ್ತಾರೆ.

ವಯಸ್ಸನ್ನು ಕಣ್ಣಳತೆಯಲ್ಲಿ ಬರೆಯುವುದು ದೊಡ್ಡ ತಕರಾರಿಗೆ ದಾರಿ. ಹಲ್ಲು ನೋಡಿ. ಕುನ್ನಿಯ ಹಾಲುಹಲ್ಲು 28, ಸೂಜಿಯಂತೆ ಚೂಪು. ನಾಲ್ಕು ತಿಂಗಳ ಆಸುಪಾಸಿಗೆ ಮುಂದಿನವು ಬೀಳತೊಡಗುತ್ತವೆ, ಏಳು ತಿಂಗಳ ಹೊತ್ತಿಗೆ 42 ಖಾಯಂ ಹಲ್ಲು ಬಂದಿರುತ್ತವೆ. ಅಲ್ಲಿಂದಾಚೆಗೆ ಹಲ್ಲಿನ ಸವೆತ ಮತ್ತು ಕಿಟ್ಟ ನೋಡಿ ಅಂದಾಜು ಮಾಡುವುದು ಪಶುವೈದ್ಯರ ಕೆಲಸ. ‘ಸುಮಾರು’ ಎಂಬ ಮಾತು ಬಿಡಬೇಡಿ. ‘ಲಸಿಕೆ ಆಗಿದೆ’ ಎಂಬ ಎರಡೇ ಪದವೂ ಸಾಲದು. ಯಾವ ಲಸಿಕೆ, ಯಾವ ತಾರೀಖು, ಕಾರ್ಡಿನ ಫೋಟೊ ಬೇಕು. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ರೇಬಿಸ್ ಮೂರು ತಿಂಗಳಿಗೆ. ಎಂಟು ವಾರ ತುಂಬದ ಕುನ್ನಿಯ ಪ್ರೊಫೈಲ್ ಹಾಕಲೇಬೇಡಿ, ಎಷ್ಟು ಮುದ್ದಾಗಿದ್ದರೂ. ತಾಯಿಯಿಂದ ಅಷ್ಟು ಬೇಗ ಬಿಡಿಸಿದ ಮರಿ ಕಚ್ಚುವುದನ್ನು ಹತೋಟಿಯಲ್ಲಿಡಲು ಕಲಿತಿರುವುದಿಲ್ಲ.

ಬೆಕ್ಕಿನ ಪ್ರೊಫೈಲ್ ಹೆಚ್ಚು ಕಡಿಮೆ ಇದೇ ದಾರಿ, ಆದರೆ ಗಂಡು ಹೆಣ್ಣು ತಪ್ಪುವುದು ಜಾಸ್ತಿ. ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣ ಇದ್ದರೆ ಬಹುತೇಕ ಖಂಡಿತ ಹೆಣ್ಣು. ಬರೀ ಕೆಂಪು ಬೆಕ್ಕು ಹೆಚ್ಚಾಗಿ ಗಂಡು, ಆದರೂ ವೈದ್ಯರಿಗೆ ತೋರಿಸಿ ಬರೆಯಿರಿ. ಮರಳಿನ ಡಬ್ಬಿ ಬಳಸುತ್ತದೆಯೇ ಎಂಬ ಒಂದು ಸಾಲು ಬೆಕ್ಕಿಗೆ ಉಳಿದೆಲ್ಲ ಸಾಲಿಗಿಂತ ಮುಖ್ಯ.

ಫೋನ್ ಬಹಳ, ಎಲ್ಲ ತಪ್ಪು ಜನ

ಉದ್ದ ಕಾಲು, ಸಣ್ಣ ನಡು, ಚೂಪು ಮೂತಿಯ ನಾಯಿ ಬಂದರೆ ಕೈ ತಾನಾಗಿ ‘ಮುಧೋಳ’ ಎಂದು ಟೈಪ್ ಮಾಡುತ್ತದೆ. ಮಾಡಬೇಡಿ. ಮುಧೋಳ ನಾಯಿಯ ಅಂಚೆ ಚೀಟಿ 2005ರಲ್ಲೇ ಬಂದಿದೆ, ಸೇನೆ ಈ ತಳಿಗೆ ತರಬೇತಿ ಕೊಟ್ಟ ಸುದ್ದಿ ಎಲ್ಲರ ಬಾಯಲ್ಲಿದೆ, ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಹೆಸರಿಗೆ ಅಷ್ಟು ಬೆಲೆ ಇರುವುದರಿಂದಲೇ ಆ ಒಂದು ಪದಕ್ಕೆ ಮರಿ ಹಾಕಿಸಿ ಮಾರುವವರ ಫೋನ್ ಬರುತ್ತದೆ, ಮೊಲದ ಬೇಟೆಗೆ ಬೇಕು ಎನ್ನುವವರ ಫೋನ್ ಬರುತ್ತದೆ. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕೇಳುವ ಬಗೆಯಲ್ಲೇ ಗುರುತು ಹಿಡಿಯಬಹುದು: ‘ಹೆಣ್ಣ ಐತೇನ್ರಿ? ಆಪರೇಷನ್ ಆಗಿಲ್ಲಂದ್ರ ಈಗ ಬರ್ತೀನಿ’ ಎಂದವರು ನಾಯಿಯ ಹೆಸರು ಕೂಡ ಕೇಳಿರುವುದಿಲ್ಲ.

ದಾಖಲೆ ಇಲ್ಲದ ನಾಯಿಗೆ ‘ಊರ ನಾಯಿ, ಮುಧೋಳದ ಛಾಯೆ’ ಎಂದೂ ಬೇಡ, ‘ಎತ್ತರದ, ತೆಳ್ಳನೆಯ, ಜೋರಾಗಿ ಓಡುವ ನಾಯಿ’ ಎಂದು ಬರೆಯಿರಿ. ನಿಜವಾದ ಮುಧೋಳವೇ ಆಗಿದ್ದರೆ ಆಪರೇಷನ್ ಆಗುವವರೆಗೆ ಪ್ರೊಫೈಲ್ ತಡೆಹಿಡಿಯಿರಿ.

ಅದೇ ತಳಿಯ ಇನ್ನೊಂದು ಸಮಸ್ಯೆ ಇದಕ್ಕೆ ಉಲ್ಟಾ. ಭುಜದೆತ್ತರ ಸುಮಾರು 65ರಿಂದ 72 ಸೆಂ.ಮೀ. ಇದ್ದು ತೂಕ 20ರಿಂದ 28 ಕೆಜಿ ಮಾತ್ರ ಇರುವ ಪ್ರಾಣಿ ಅದು. ಹೊಟ್ಟೆ ಒಳಕ್ಕೆ ಎಳೆದಿರುತ್ತದೆ, ಕೊನೆಯ ಕೆಲವು ಪಕ್ಕೆಲುಬು ಕಾಣುತ್ತವೆ. ಫೋಟೊ ನೋಡಿದವರು ‘ಶೆಲ್ಟರಿನವರು ಉಪವಾಸ ಕೆಡವ್ಯಾರ’ ಎಂದು ಕಮೆಂಟ್ ಹಾಕುತ್ತಾರೆ, ಜಗಳ ಬೆಳೆದು ನಾಯಿಯ ಮಾತು ಮೂಲೆಗೆ ಸೇರುತ್ತದೆ. ‘ತೂಕ 22 ಕೆಜಿ, ವೈದ್ಯರು ನೋಡಿದ್ದಾರೆ, ಈ ಮೈಕಟ್ಟಿಗೆ ಇದು ಸರಿ’ ಎಂದು ಬರಹದಲ್ಲೇ ಹಾಕಿ. ಆದರೆ ಬೆನ್ನುಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು, ತೊಡೆಯಲ್ಲಿ ಮಾಂಸವೇ ಇಲ್ಲದಿದ್ದರೆ ಅದು ತಳಿಯ ಲಕ್ಷಣವಲ್ಲ. ನಾಯಿ ನಿಜಕ್ಕೂ ಸೊರಗಿದೆ, ಪ್ರೊಫೈಲಿಗೆ ಮುಂಚೆ ಜಂತಿನ ಔಷಧ ಮತ್ತು ರಕ್ತಪರೀಕ್ಷೆ ಆಗಬೇಕು.

‘ಫ್ರೀ’ ಎಂಬ ಪದವನ್ನೂ ತೆಗೆಯಿರಿ. ಅದರ ಜಾಗದಲ್ಲಿ ‘ಮನೆ ನೋಡಿ, ಒಪ್ಪಂದ ಪತ್ರ ಬರೆಸಿಕೊಂಡು ಕೊಡಲಾಗುವುದು’ ಎಂದು ಹಾಕಿದರೆ ಸುಮ್ಮನೆ ಕೇಳುವವರ ಅರ್ಧ ಫೋನ್ ನಿಲ್ಲುತ್ತದೆ.

ನಿಮ್ಮದೇ ಫೋಟೊ, ಬೇರೆ ನಂಬರಿನ ಪೋಸ್ಟ್ ಕಂಡರೆ ಅದು ವಂಚನೆ. ನಾಯಿ ಕಳಿಸಲು ಗಾಡಿ ಬಾಡಿಗೆ ಎಂದು ಯುಪಿಐನಲ್ಲಿ ಮುಂಗಡ ಕೇಳುತ್ತಾರೆ. ಫೋಟೊದ ಮೂಲೆಯಲ್ಲಿ ಹಾಕಿದ ಹೆಸರನ್ನು ಕತ್ತರಿಸಿಬಿಡುತ್ತಾರೆ, ಆದ್ದರಿಂದ ಪ್ರಾಣಿಯ ನಂಬರ್ ಮತ್ತು ಶೆಲ್ಟರ್ ಹೆಸರನ್ನು ಫೋಟೊದಲ್ಲಿ ಪ್ರಾಣಿಯ ಮೈಯ ಮೇಲೆ ತಿಳಿಯಾಗಿ ಬರುವಂತೆ ಹಾಕಿ. ‘ಬಂದು ನೋಡುವ ಮುಂಚೆ ಯಾರಿಗೂ ದುಡ್ಡು ಹಾಕಬೇಡಿ’ ಎಂಬ ಸಾಲು ಪ್ರತಿ ಪೋಸ್ಟಿನ ಕೊನೆಗೆ ಇರಲಿ. ಮೋಸ ಹೋದವರು ಸಿಕ್ಕರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ಒಯ್ದವರು ವಾಪಸ್ ತರುತ್ತಿದ್ದಾರೆ

ವಾಪಸ್ ತಂದಾಗ ಬೈಯದೆ ಕಾರಣವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಆಮೇಲೆ ಪ್ರೊಫೈಲ್ ಪಕ್ಕಕ್ಕಿಟ್ಟು ಓದಿ. ‘ಮನಿ ಮಾಲಕರು ಬ್ಯಾಡ ಅಂದ್ರು’ ಎಂದರೆ ಫಾರ್ಮಿನಲ್ಲಿ ಸ್ವಂತ ಮನೆಯೋ ಬಾಡಿಗೆಯೋ ಎಂಬ ಪ್ರಶ್ನೆ ಇರಲಿಲ್ಲ. ‘ಹೊಲ ಕಾಯಾಕ ಒಯ್ದಿದ್ವಿ, ಬೊಗಳೂದ ಇಲ್ಲ’ ಎಂದರೆ ಬೊಗಳುವ ಬಗ್ಗೆ ನೀವು ಬರೆದಿರಲಿಲ್ಲ. ‘ಮರಿ ಇಷ್ಟು ದೊಡ್ಡದಾಗತೈತಿ ಅಂತ ಗೊತ್ತಿರಲಿಲ್ಲ’ ಎಂದರೆ ಬೆಳೆದಾಗಿನ ಅಂದಾಜು ತೂಕ ಹಾಕಿರಲಿಲ್ಲ. ಊರ ನಾಯಿಗಾದರೆ 12ರಿಂದ 20 ಕೆಜಿ ಎಂದು ಬರೆಯಬಹುದು. ‘ಮೂರು ದಿನ ಮೂಲೆ ಬಿಟ್ಟು ಏಳಲಿಲ್ಲ’ ಎಂದು ತಂದರೆ ನಾಯಿಯಲ್ಲಿ ದೋಷವೇ ಇಲ್ಲ. ಹೊಸ ಮನೆಯಲ್ಲಿ ಮೊದಲ ದಿನಗಳಲ್ಲಿ ತಿನ್ನದಿರುವುದು, ಅಡಗುವುದು ಸಹಜ ಎಂದು, ಮತ್ತು ಪೂರ್ತಿ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯಬಹುದು ಎಂದು ಪ್ರೊಫೈಲಿನಲ್ಲೇ ಹೇಳಬೇಕಿತ್ತು.

ಕಚ್ಚಿದ ಇತಿಹಾಸ ಇದ್ದರೆ ಯಾರನ್ನು, ಯಾವಾಗ, ಏನಾದಾಗ ಎಂದು ಬರೆಯಲೇಬೇಕು. ಇದರಲ್ಲಿ ಚೌಕಾಶಿ ಇಲ್ಲ.

ಬೆಳಗಾವಿಯ ಗಣೇಶ ವಿಸರ್ಜನೆಯ ವಾರ ಮತ್ತು ದೀಪಾವಳಿಯ ವಾರ ನಾಯಿ ಕೊಡಬೇಡಿ. ಡಿಜೆ, ಢೋಲ್, ಪಟಾಕಿ ಸದ್ದಿಗೆ ಹೊಸ ನಾಯಿ ಹಗ್ಗ ಕಿತ್ತುಕೊಂಡು ಓಡುತ್ತದೆ, ದಾರಿ ಗೊತ್ತಿಲ್ಲದ ಊರಿನಲ್ಲಿ ವಾಪಸ್ ಬರುವುದಿಲ್ಲ. ಆ ದಿನಗಳಲ್ಲಿ ಬಂದ ಮೆಸೇಜಿಗೆ ‘ಕಾಯ್ದಿರಿಸಲಾಗಿದೆ, ಹಬ್ಬದ ನಂತರ ಒಯ್ಯಿರಿ’ ಎಂದು ಉತ್ತರಿಸಿ ಪೋಸ್ಟಿನಲ್ಲೂ ಹಾಗೇ ಬರೆಯಿರಿ.

ಮನೆ ಸಿಕ್ಕ ಮೇಲೆ

ಹೋದ ನಾಯಿಯ ಪೋಸ್ಟ್ ಹಾಗೇ ಉಳಿದಿದ್ದರೆ ಅದಕ್ಕೇ ಫೋನ್ ಬರುತ್ತಿರುತ್ತದೆ, ‘ಅದು ಹೋತ್ರಿ’ ಎಂದು ನಾಲ್ಕು ಸಲ ಕೇಳಿದವರು ಐದನೇ ಸಲ ನಿಮ್ಮ ಪೇಜ್ ತೆರೆಯುವುದಿಲ್ಲ. ಅಳಿಸಬೇಡಿ, ಬರಹದ ಮೊದಲ ಪದವನ್ನು ‘ಮನೆ ಸಿಕ್ಕಿದೆ’ ಎಂದು ಬದಲಿಸಿ, ಕೆಳಗೆ ಇನ್ನೂ ಕಾಯುತ್ತಿರುವ ಅಂಥದೇ ನಾಯಿಯ ನಂಬರ್ ಹಾಕಿ. ಒಯ್ದವರ ಹೆಸರು, ಮನೆಯ ಬಾಗಿಲು, ಗಾಡಿ ನಂಬರ್ ಕಾಣುವ ಫೋಟೊ ಹಾಕಬಾರದು. ವಾಟ್ಸ್ಯಾಪ್ ಗ್ರೂಪುಗಳಲ್ಲಿ ಓಡಾಡುವ ಹಳೆಯ ಪೋಸ್ಟರನ್ನು ವಾಪಸ್ ತರಲಾಗದು. ಹಾಗಾಗಿ ಪೋಸ್ಟರ್ ಮಾಡುವಾಗಲೇ ಮೂಲೆಯಲ್ಲಿ ತಾರೀಖು ಮತ್ತು ‘30 ದಿನದ ನಂತರ ಪೇಜ್ ನೋಡಿ’ ಎಂದು ಹಾಕಿಡಿ. ‘ನಾ-14’ ಎಂಬ ನಂಬರನ್ನು ಇನ್ನೊಂದು ನಾಯಿಗೆ ಕೊಡಬೇಡಿ. ಆರು ತಿಂಗಳ ಮೇಲೆ ಕೆಂಚನ ಲಸಿಕೆ ಕಾರ್ಡ್ ಕಳೆದುಹೋಯಿತು ಎಂದು ಫೋನ್ ಬಂದರೆ ಹುಡುಕಬೇಕಾದ್ದು ಅದೇ ನಂಬರಿನಲ್ಲಿ.